ಸಂತೆಯಿಂದ ಸಂತೆಗೆ ಏಳು ರಾತ್ರಿ

ಸಂತೇಬೆನ್ನೂರಿನ ಹೆಸರಿನಲ್ಲೇ ಸಂತೆ ಇದೆ. ಹೊರಗಿನಿಂದ ಬಂದವರು ಕೆಂಗ ಹನುಮಪ್ಪ ನಾಯಕ 16ನೇ ಶತಮಾನದಲ್ಲಿ ಕಟ್ಟಿಸಿದ ಪುಷ್ಕರಣಿ ನೋಡಿ, ನೀರಿನ ನಡುವಿನ ಮಂಟಪದ ಫೋಟೊ ತೆಗೆದು, ಪಕ್ಕದ ಮುಸಾಫಿರ್ ಖಾನೆಯನ್ನೊಮ್ಮೆ ಸುತ್ತಿ ಹೊರಟುಬಿಡುತ್ತಾರೆ. ಊರಲ್ಲೇ ಇರುವವರ ಲೆಕ್ಕ ಬೇರೆ. ಅವರಿಗೆ ಚೀಲ ತುಂಬುವ ದಿನವೊಂದು, ಚೀಲ ಬರಿದಾಗುವ ದಿನವೊಂದು. ಇವೆರಡರ ನಡುವೆ ಏಳು ರಾತ್ರಿಯ ಊಟ. ಆ ಏಳನ್ನೂ ಮನೆಯ ಒಲೆಯ ಮೇಲೆಯೇ ದಾಟಿಸಬೇಕೇ ಎಂಬ ಪ್ರಶ್ನೆ ಪಟ್ಟಣಕ್ಕೆ ಹಳೆಯದಾಯಿತು. ಹಳ್ಳಿಯಲ್ಲಿ ಅದನ್ನು ಈಗೀಗ ಬಾಯಿಬಿಟ್ಟು ಕೇಳುತ್ತಿದ್ದಾರೆ. ಕೇಳಿದವರನ್ನು ಸೋಮಾರಿಗಳು ಎನ್ನುವುದು ಸುಲಭ, ಕೇಳದವರನ್ನು ಗೊಡ್ಡುಗಳು ಎನ್ನುವುದೂ ಸುಲಭ. ಎರಡೂ ಬೇಡವೆಂದು ಇಬ್ಬರನ್ನು ಎದುರುಬದುರು ಕೂರಿಸಿದ್ದೇನೆ. ಒಬ್ಬರು ನಿವೃತ್ತ ಮೇಷ್ಟ್ರು, ಮನೆ ಊಟದ ಪಕ್ಷ. ಇನ್ನೊಬ್ಬಳು ಅವರ ತಮ್ಮನ ಮಗಳು, ದಿನಾ ದಾವಣಗೆರೆಗೆ ಬಸ್ಸಿನಲ್ಲಿ ಓಡಾಡಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವಳು. ಹೆಸರು ಬೇಡ, ಇಂಥವರು ಬೀದಿಗಿಬ್ಬರು ಸಿಗುತ್ತಾರೆ. ಒಂದು ಸಾಧಾರಣ ಮನೆಯ ವಾರದ ರಾತ್ರಿ ಊಟ ಅವಳ ಕೈಯ ಚೀಟಿಯಲ್ಲಿದೆ: ಸೋಮವಾರ ಮುದ್ದೆ, ಹುರುಳಿಕಾಳಿನ ಬಸ್ಸಾರು. ಮಂಗಳವಾರ ಅದೇ ಸಾರಿಗೆ ಅನ್ನ. ಬುಧವಾರ ಚಪಾತಿ, ಆಲೂಗಡ್ಡೆ ಪಲ್ಯ. ಗುರುವಾರ ಅನ್ನ, ತಿಳಿಸಾರು, ಹಪ್ಪಳ. ಶುಕ್ರವಾರ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಶನಿವಾರ ಒಪ್ಪತ್ತು ಅಂತ ಉಪ್ಪಿಟ್ಟು. ಭಾನುವಾರ ತಿನ್ನುವವರ ಮನೆಯಲ್ಲಿ ಕೋಳಿಸಾರು, ತಿನ್ನದವರ ಮನೆಯಲ್ಲಿ ಶಾವಿಗೆ ಪಾಯಸ.

ದೊಡ್ಡಪ್ಪ: ಚೀಟಿ ಚೆನ್ನಾಗಿದೆ ಕಣಮ್ಮ, ಆದರೆ ನೀನು ಏಳು ಊಟ ಅಂತ ಎಣಿಸಿದ್ದೀಯಲ್ಲ, ಲೆಕ್ಕ ತಪ್ಪಿದ್ದೇ ಅಲ್ಲಿ. ಮನೆ ಅಡುಗೆ ಅಂದರೆ ಏಳು ಬೇರೆ ಬೇರೆ ಅಡುಗೆ ಅಲ್ಲ, ಒಂದೇ ಅಡುಗೆ ಏಳು ದಿನ ಹರಿಯೋದು. ಹುರುಳಿಯನ್ನೇ ತಗೋ. ಭಾನುವಾರ ರಾತ್ರಿ ನೆನೆಹಾಕಿದ ಕಾಳು ಸೋಮವಾರ ಬೇಯುತ್ತೆ. ನೀರು ಧಾರಾಳವಾಗಿ ಇಡಬೇಕು, ಯಾಕಂದ್ರೆ ಸಾರಿಗೆ ಬೇಕಾಗಿರೋದು ಕಾಳಲ್ಲ, ಅದರ ಕಟ್ಟು. ಬಸಿದರೆ ಕೆಮ್ಮಣ್ಣಿನ ಬಣ್ಣದ ಕಟ್ಟು ಒಂದು ಪಾತ್ರೆಗೆ, ಕಾಳು ಇನ್ನೊಂದಕ್ಕೆ. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಕಾಯಿತುರಿ, ಒಣಮೆಣಸಿನಕಾಯಿ, ಹುಣಸೆ ರುಬ್ಬುವಾಗ ಬೆಂದ ಕಾಳನ್ನೂ ಒಂದು ಹಿಡಿ ಹಾಕ್ತಾರೆ. ಸಾರಿಗೆ ಮೈ ಬರೋದು ಅದರಿಂದ. ಉಳಿದ ಕಾಳಿಗೆ ಒಗ್ಗರಣೆ ಬಿದ್ದರೆ ಪಲ್ಯ ಆಯ್ತು. ಮಾರನೇ ದಿನ ಅದೇ ಸಾರು ಕುದಿದು ಗಟ್ಟಿಯಾಗಿ ಮೊದಲ ದಿನಕ್ಕಿಂತ ರುಚಿ ಕಟ್ಟುತ್ತೆ. ಗುರುವಾರ ಮಿಕ್ಕ ಅನ್ನ ಶುಕ್ರವಾರ ಬೆಳಿಗ್ಗೆ ಚಿತ್ರಾನ್ನ. ಶುಕ್ರವಾರ ಮಿಕ್ಕ ರೊಟ್ಟಿ ಶನಿವಾರ ಬೆಳಿಗ್ಗೆ ಮುರಿದು ಒಗ್ಗರಣೆ. ಹೋಟೆಲಿನವನು ಒಂದು ಊಟ ಮಾರ್ತಾನೆ, ಈ ಹರಿವನ್ನು ಮಾರೋಕೆ ಅವನಿಗೆ ಬರಲ್ಲ. ಯಾವುದು ನಾಳೆಗೆ ಉಳಿಯುತ್ತೆ, ಯಾವುದು ಇವತ್ತೇ ಮುಗೀಬೇಕು, ಬಾಡ್ತಾ ಇರೋ ಸೊಪ್ಪನ್ನ ಯಾವ ಸಾರಿಗೆ ಸೇರಿಸಬೇಕು ಅನ್ನೋ ಅರಿವು ಯಾವ ಅಡುಗೆ ಪುಸ್ತಕದಲ್ಲಿದೆ ಹೇಳು. ವಾರಕ್ಕೆ ಎರಡು ರಾತ್ರಿ ಹೊರಗಿಂದ ತಂದರೆ ಎರಡು ಊಟ ತಪ್ಪಿತು ಅಂತ ಅಲ್ಲ, ಆ ಸರಣಿಯೇ ತುಂಡಾಯ್ತು ಅಂತ ನಾನು ಅನ್ನೋದು.

ಮಗಳು: ನೀವು ಹೇಳಿದ ಹರಿವು ಇದೆ ದೊಡ್ಡಪ್ಪ, ಅದನ್ನು ನಾನೂ ಇಲ್ಲ ಅನ್ನಲ್ಲ. ಆದರೆ ಅದು ಯಾರ ತಲೆಯೊಳಗೆ ಹರೀತಿದೆ? ಕೇಂದ್ರ ಸರ್ಕಾರ 2019ರಲ್ಲಿ ದೇಶದ ಉದ್ದಗಲಕ್ಕೂ ಜನ ದಿನದ 24 ಗಂಟೆ ಹೇಗೆ ಕಳೀತಾರೆ ಅಂತ ಸಮೀಕ್ಷೆ ಮಾಡ್ತು. ಸಂಬಳವಿಲ್ಲದ ಮನೆಗೆಲಸ ಮಾಡೋ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡ್ತಾರೆ, ಗಂಡಸರು 97. ಅದೂ ಮನೆಗೆಲಸಕ್ಕೆ ಕೈ ಹಾಕೋ ಗಂಡಸರ ಲೆಕ್ಕ ಮಾತ್ರ. ಹಾಗೆ ಕೈ ಹಾಕೋರು ನೂರಕ್ಕೆ 26 ಜನ. 2024ರಲ್ಲಿ ಮತ್ತೆ ಸಮೀಕ್ಷೆ ಆಯ್ತು. ಹೆಂಗಸರದು 289, ಗಂಡಸರದು 88. ಐದು ವರ್ಷಕ್ಕೆ ಹೆಂಗಸರಿಗೆ ಹತ್ತು ನಿಮಿಷ ಉಳೀತು, ಗಂಡಸರೂ ಒಂಬತ್ತು ನಿಮಿಷ ಉಳಿಸಿಕೊಂಡರು. ಇದೆಲ್ಲ ಅಡುಗೆ ಒಂದರದ್ದೇ ಅಲ್ಲ, ಗುಡಿಸೋದು ಒಗೆಯೋದು ಎಲ್ಲ ಸೇರಿದ್ದು. ಒಪ್ತೀನಿ. ಆದರೆ ನಿಮ್ಮ ಹುರುಳಿಯ ವರ್ಣನೆಯಲ್ಲೇ ಒಂದು ಕೆಲಸ ಬಿಟ್ಟುಹೋಯ್ತು ನೋಡಿ: ಕಲ್ಲು ಆರಿಸೋದು. ಕಾಳು ತಾನಾಗೇ ನೆನೆದು, ತಾನಾಗೇ ಬೆಂದು, ತಾನಾಗೇ ಬಸಿದುಕೊಳ್ತು. 'ಹಾಕ್ತಾರೆ' ಅಂದ್ರಿ, ಯಾರು ಅಂತ ಹೇಳಲಿಲ್ಲ.

ದೊಡ್ಡಪ್ಪ: ಆ ಏಟು ಬಿತ್ತು. ಆದರೆ ನಿಮಿಷದ ಲೆಕ್ಕ ಕಡಿಮೆ ಮಾಡೋಕೆ ದಾರಿ ಬಂದಿವೆಯಲ್ಲ. ಮಿಕ್ಸಿ ಬಂತು, ಕುಕ್ಕರ್ ಬಂತು, 2016ರಿಂದ ಉಜ್ವಲಾದಲ್ಲಿ ಬಡವರ ಮನೆಗೂ ಗ್ಯಾಸ್ ಬಂತು. ಹೊಗೆ ಊದಿ ಕಣ್ಣು ಕೆಡಿಸಿಕೊಂಡ ಕಾಲ ಅಲ್ಲ ಇದು. ಹೊರಗಿನ ಊಟ ತಂದರೆ ನಿಮಿಷ ಉಳಿಯುತ್ತೆ ಅಂತಿಟ್ಟುಕೋ, ಮೈಗೆ ಏನಾಗುತ್ತೆ? ಅದೇ ಸರ್ಕಾರದ 2022-23ರ ಮನೆಖರ್ಚಿನ ಸಮೀಕ್ಷೆ ನೀನೇ ಓದಿರ್ತೀಯ. ಹಳ್ಳಿಯವರು ಖರ್ಚು ಮಾಡೋ ನೂರು ರೂಪಾಯಿಯಲ್ಲಿ 46 ರೂಪಾಯಿ ಊಟಕ್ಕೆ. ಅದರಲ್ಲಿ ಅಕ್ಕಿ, ಗೋಧಿ, ರಾಗಿ, ಜೋಳ ಎಲ್ಲ ಸೇರಿ ಐದು ರೂಪಾಯಿಯೂ ಇಲ್ಲ. ಟೀ, ಬಿಸ್ಕತ್ತು, ಕುರುಕುಲು, ಮಾಡಿಟ್ಟ ತಿಂಡಿ ಇಂಥದ್ದಕ್ಕೆ ಒಂಬತ್ತೂವರೆ ರೂಪಾಯಿ, ಹಾಲಿಗಿಂತಲೂ ಹೆಚ್ಚು! 1999-2000ದಲ್ಲಿ ಧಾನ್ಯಕ್ಕೇ 22 ರೂಪಾಯಿ ಹೋಗ್ತಿತ್ತು. ಪಾಕೀಟು ಸಂತೆಯ ಚೀಲದೊಳಗೆ ಬಂದು ಕೂತಾಗಿದೆ. ರಾತ್ರಿ ಊಟವೊಂದಾದರೂ ಅದರ ಕೈಗೆ ಸಿಗದೆ ಇರಲಿ ಅಂತ ನನ್ನ ಹಟ.

ಮಗಳು: ಧಾನ್ಯದ ಖರ್ಚು ಇಳಿದದ್ದಕ್ಕೆ ಪಡಿತರದ ಅಕ್ಕಿಯೂ ಒಂದು ಕಾರಣ, ಅದನ್ನು ಮರೀಬೇಡಿ. 2013ರ ಜುಲೈನಲ್ಲಿ ಅನ್ನಭಾಗ್ಯ ಬಂದ ಮೇಲೆ ಎಷ್ಟೋ ಮನೆಗೆ ಅಕ್ಕಿ ಕೊಳ್ಳೋ ಚಿಂತೆ ತಪ್ಪಿತು. ಇರಲಿ, ಮೈಯ ವಿಷಯಕ್ಕೆ ಬರ್ತೀನಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಜನಕ್ಕೆ ರಕ್ತಹೀನತೆ. ಇವರೆಲ್ಲ ಹೋಟೆಲಲ್ಲಿ ಉಂಡವರಾ? ಬಹುಪಾಲು ಮನೆಯಲ್ಲೇ ಮಾಡಿ, ಮನೆಯಲ್ಲೇ ಉಂಡವರು. ಎಲ್ಲರಿಗೂ ಬಡಿಸಿ ಆಮೇಲೆ ಉಂಡವರು. ಬಸ್ಸಾರಿನ ಕಾಳು ಗಂಡಸರ ಮಕ್ಕಳ ತಟ್ಟೆಗೆ ಬಿದ್ದ ಮೇಲೆ ತಳದಲ್ಲಿ ಉಳಿಯೋದು ತಿಳಿಸಾರು. ಹೀಗಿರುವಾಗ 'ಮನೇಲಿ ಮಾಡಿದ್ದು, ಹಾಗಾಗಿ ಒಳ್ಳೇದು' ಅನ್ನೋ ಮಾತು ಯಾರಿಗೆ ಒಳ್ಳೇದು ಅನ್ನೋ ಪ್ರಶ್ನೆ ದಾಟಿಕೊಂಡು ಹೋಗೋಕೆ ಆಗಲ್ಲ.

ಇಲ್ಲಿ ನಾನು ನಡುವೆ ಬಾಯಿ ಹಾಕಬೇಕು. ರಕ್ತಹೀನತೆಗೆ ಕಾರಣ ಒಂದೇ ಅಲ್ಲ. ಜಂತುಹುಳು, ಮೇಲಿಂದ ಮೇಲೆ ಹೆರಿಗೆ, ಊಟದ ಜೊತೆಗೇ ಕುಡಿಯುವ ಚಹಾ, ಎಲ್ಲ ಸೇರುತ್ತವೆ. ಹಾಗೆಂದು ಅವಳ ಮಾತು ಸುಳ್ಳಾಗುವುದಿಲ್ಲ. ಮನೆ ಊಟ ಒಳ್ಳೆಯದು ಎನ್ನುವವರು ಪಾತ್ರೆಯೊಳಗೆ ಏನಿದೆ, ಅದು ಯಾವ ತಟ್ಟೆಗೆ ಎಷ್ಟು ಬೀಳುತ್ತದೆ ಎಂದೂ ತೋರಿಸಬೇಕಾಗುತ್ತದೆ. ಮೇಷ್ಟ್ರು ಅದಕ್ಕೆ ಹೊಲದ ಕಡೆಯಿಂದ ಉತ್ತರ ಹುಡುಕಿದರು. ನನಗೆ ಈ ವಾದದಲ್ಲಿ ಎಲ್ಲಕ್ಕಿಂತ ತೂಕದ್ದು ಎನಿಸಿದ್ದು ಈ ಭಾಗ, ಅದನ್ನು ಸ್ವಲ್ಪ ಉದ್ದಕ್ಕೇ ಬಿಟ್ಟಿದ್ದೇನೆ.

ದೊಡ್ಡಪ್ಪ: ತಪ್ಪು ಒಲೆಯದ್ದಲ್ಲಮ್ಮ. ಪಾತ್ರೆಗೆ ಬೀಳೋದೇ ಕಡಿಮೆಯಾಗಿದೆ. ಹಿಂದೆ ರಾಗಿ, ಜೋಳ ಬಿತ್ತುವಾಗ ನಡುನಡುವೆ ಅಕ್ಕಡಿ ಸಾಲು ಬಿಡ್ತಿದ್ದರು: ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು. ಧಾನ್ಯ ಕಣಜಕ್ಕೆ, ಅಕ್ಕಡಿ ಅಡುಗೆಮನೆಗೆ. ಕಳೆ ಕೀಳೋಕೆ ಹೋದವರ ಮಡಿಲಲ್ಲಿ ಅಣ್ಣೆ ಸೊಪ್ಪು, ಕಿರಕಸಾಲೆ, ಗೋಣಿ ಸೊಪ್ಪು ಬರ್ತಿತ್ತು, ಅದೇ ರಾತ್ರಿಯ ಬೆರಕೆ ಸೊಪ್ಪಿನ ಸಾರು. ಸೀಗೆ ಹುಣ್ಣಿಮೆಯ ಚರಗ ನೆನಪು ಮಾಡಿಕೋ, ಹಲವು ಬಗೆ ಸೊಪ್ಪು ಕಾಳು ಬೇಯಿಸಿ ಹೊಲಕ್ಕೇ ಚೆಲ್ಲಿ ಬರೋದು. ಭೂಮಿಗೆ ಬಯಕೆ ಊಟ ಅಂತ. ನೀನು ಕೊಟ್ಟದ್ದನ್ನೇ ಬೇಯಿಸಿ ನಿನಗೇ ಉಣಿಸ್ತಿದ್ದೀವಿ ಅನ್ನೋ ಲೆಕ್ಕ. ಹೊಲಕ್ಕೂ ಒಲೆಗೂ ಅಷ್ಟು ನಂಟಿತ್ತು.

ಮಗಳು: ಸರಿಯಾದ ಜಾಗಕ್ಕೆ ಬಂದ್ರಿ. ಈಗ ಇಲ್ಲಿಂದ ಚನ್ನಗಿರಿ ತನಕ ಬಸ್ಸಿನ ಕಿಟಕಿಯಿಂದ ಏನು ಕಾಣುತ್ತೆ ಹೇಳಿ. ಅಡಿಕೆ, ಮೆಕ್ಕೆಜೋಳ, ನೀರಿದ್ದಲ್ಲಿ ಭತ್ತ. 1960ರ ದಶಕದಲ್ಲಿ ಭದ್ರಾ ಅಣೆಕಟ್ಟು ಮುಗಿದು ನಾಲೆ ನೀರು ಹರಿದ ಮೇಲೆ ಚನ್ನಗಿರಿ, ಹೊನ್ನಾಳಿ ಸೀಮೆಯ ಊಟ ಅನ್ನದ ಕಡೆ ತಿರುಗಿತು. ಅಡಿಕೆ ಕೈ ತುಂಬಾ ದುಡ್ಡು ಕೊಡುತ್ತೆ, ಒಂದು ತುತ್ತು ಕೊಡಲ್ಲ. ಮೆಕ್ಕೆಜೋಳಕ್ಕೆ ನಮ್ಮ ಜಿಲ್ಲೆ ರಾಜ್ಯದಲ್ಲೇ ಹೆಸರಾದದ್ದು, ಆದರೆ ಅದು ಹೋಗೋದು ಕೋಳಿ ಫಾರಂಗೆ, ಪಿಷ್ಟದ ಕಾರ್ಖಾನೆಗೆ. ಬಿತ್ತಿ ಎರಡು ಮೂರು ದಿನದೊಳಗೆ ಅದಕ್ಕೆ ಅಟ್ರಾಜಿನ್ ಹೊಡೀತಾರೆ. ಅದು ಅಗಲ ಎಲೆಯ ಗಿಡ ಮೇಲೇಳೋಕೆ ಬಿಡಲ್ಲ, ಮೆಕ್ಕೆಜೋಳಕ್ಕೆ ಮಾತ್ರ ಏನೂ ಮಾಡಲ್ಲ. ಅಗಲ ಎಲೆಯದು ಅಂದ್ರೆ ಯಾವುದು? ನೀವು ಹೇಳಿದ ಅಣ್ಣೆ, ಕಿರಕಸಾಲೆ, ಗೋಣಿ. ಅಲಸಂದೆ, ಅವರೆ ಬಿತ್ತಿದರೆ ಅದೂ. ಅಂದ್ರೆ ನಿಮ್ಮ ಬೆರಕೆ ಸಾರನ್ನು ಒಂದು ಕ್ಯಾನಿನ ಔಷಧಿ ಹೊಲದಲ್ಲೇ ಮುಗಿಸಿತು. ಈಗ ಮುಖ್ಯವಾದದ್ದು ಕೇಳಿ. ಏನು ಬಿತ್ತಬೇಕು, ಏನು ಹೊಡೀಬೇಕು, ತೋಟ ಯಾವಾಗ ಹಾಕಬೇಕು ಅಂತ ತೀರ್ಮಾನ ಮಾಡಿದ್ದು ಯಾರು? ಪಂಚೆ ಪ್ಯಾಂಟಿನವರು. ಆದರೆ ಸಾರಿನಲ್ಲಿ ಸೊಪ್ಪಿಲ್ಲ, ಕಾಳಿಲ್ಲ, ಬರೀ ಅನ್ನ ಆಯ್ತು ಅಂದಾಗ ಬೈಸಿಕೊಳ್ಳೋದು ಸೀರೆ ಚೂಡಿದಾರದವರು. 'ಈಗಿನ ಹೆಣ್ಣುಮಕ್ಕಳಿಗೆ ಅಡುಗೆ ಬರಲ್ಲ' ಅಂತೀರಿ. ರಾತ್ರಿ ಊಟದ ಅರ್ಧ ಅಡುಗೆ ಮುಂಗಾರಿನ ಬಿತ್ತನೆ ದಿನವೇ ಆಗಿಹೋಗಿರುತ್ತೆ ದೊಡ್ಡಪ್ಪ. ಒಲೆ ಹತ್ತೋ ಹೊತ್ತಿಗೆ ಉಳಿದಿರೋದು ಆಲೂಗಡ್ಡೆ ಪಲ್ಯ.

ದೊಡ್ಡಪ್ಪ: ನೀನು ಹೇಳಿದ್ದರಲ್ಲಿ ನನ್ನ ಪಕ್ಷಕ್ಕೂ ಒಂದು ಮಾತಿದೆ. ಮನೆ ಊಟವೇ ಬೇಕು ಅನ್ನೋ ಹಟ ಇದ್ದಿದ್ದರೆ ಅಕ್ಕಡಿ ಸಾಲು ಹೋಗ್ತಿರಲಿಲ್ಲ. ರಾತ್ರಿ ಏನುಣ್ಣಬೇಕು ಅನ್ನೋ ಯೋಚನೆ ಬಿಟ್ಟವನೇ ಮೊದಲು ಆ ಕ್ಯಾನು ತಂದದ್ದು. ಇನ್ನು ವಾರಕ್ಕೆ ಎರಡು ರಾತ್ರಿ ಪಾರ್ಸಲ್ ಅಂತ ಆದರೆ, ಹಿತ್ತಲಲ್ಲಿ ಇರೋ ನಾಲ್ಕು ಬದನೆ, ಒಂದು ನುಗ್ಗೆ ಗಿಡದ ಗೊಡವೆಯೂ ಯಾರಿಗೆ ಬೇಕು?

ಮಗಳು: ಇರಬಹುದು. ಆದರೆ ಹಳೇ ಊಟದ ಮೇಲೆ ಚಿನ್ನದ ನೀರು ಹೊಯ್ಯೋದು ಬೇಡ. ಜಗಳೂರು ಕಡೆ ನವಣೆ, ಸಾಮೆ ಉಂಡದ್ದು ಆರೋಗ್ಯ ಅಂತ ಅಲ್ಲ, ಮಳೆ ಇಲ್ಲದ ನೆಲದಲ್ಲಿ ಅಷ್ಟೇ ಬರ್ತಿತ್ತು ಅಂತ. ಅಕ್ಕಿ ಅನ್ನ ಹಬ್ಬಕ್ಕೆ, ಬೀಗರು ಬಂದಾಗ, ಜ್ವರ ಬಂದಾಗ. ಈಗ 2023 ವಿಶ್ವ ಸಿರಿಧಾನ್ಯ ವರ್ಷ ಅಂತ ಆಚರಿಸಿ, ಬಣ್ಣದ ಪೊಟ್ಟಣದಲ್ಲಿ ಅದೇ ನವಣೆಯನ್ನು ಅಕ್ಕಿಗಿಂತ ದುಬಾರಿ ಮಾರೋದು ನೋಡಿದರೆ ಆ ಕಾಲದವರು ನಕ್ಕಾರು. ಇನ್ನೊಂದು. ಈ ಜಿಲ್ಲೆಯಲ್ಲಿ ಒಂದೇ ಮನೆ ಊಟ ಅಂತ ಎಲ್ಲಿದೆ? 1997ರಲ್ಲಿ ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ, ಚಿತ್ರದುರ್ಗದಿಂದ ಜಗಳೂರು ತಂದು ಕೂಡಿಸಿ ದಾವಣಗೆರೆ ಜಿಲ್ಲೆ ಮಾಡಿದರು. ಹೊನ್ನಾಳಿ, ನ್ಯಾಮತಿಯ ಮಲೆನಾಡಿನ ಸೆರಗಿನಲ್ಲಿ ಅಕ್ಕಿ ರೊಟ್ಟಿ ತಟ್ಟುವಾಗ ಜಗಳೂರಲ್ಲಿ ಜೋಳದ ರೊಟ್ಟಿ ಬಡೀತಾರೆ. ಯಾವುದನ್ನ ಕಾಪಾಡಬೇಕು ಅಂತೀರಿ?

ದೊಡ್ಡಪ್ಪ: ಎರಡನ್ನೂ. ಅಕ್ಕಿ ರೊಟ್ಟಿಯೋ ಜೋಳದ ರೊಟ್ಟಿಯೋ ಅನ್ನೋದು ನನ್ನ ಜಗಳ ಅಲ್ಲ. ಒಂದೇ ಪಾತ್ರೆಯಿಂದ ಎಲ್ಲರ ತಟ್ಟೆಗೂ ಬೀಳುತ್ತಲ್ಲ, ಅದು ನನ್ನ ವಾದ. ಬೆಳಿಗ್ಗೆ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ತಿಂದು ಬಸ್ಸು ಹಿಡೀತಾರೆ, ಮಧ್ಯಾಹ್ನ ಹೊಲಕ್ಕೆ ಬುತ್ತಿ, ಶಾಲೆಯಲ್ಲಿ ಬಿಸಿಯೂಟ. ಮನೆ ಅಂತ ಕೂಡೋದು ರಾತ್ರಿ ಒಂದೇ ಹೊತ್ತು. ಸಾರಿಗೆ ಉಪ್ಪು ಹೆಚ್ಚಾಯ್ತು ಅನ್ನೋ ಜಗಳವನ್ನಾದರೂ ಎಲ್ಲರೂ ಸೇರಿ ಆಡ್ತಾರೆ.

ಮಗಳು: ಬಿಸಿಯೂಟದ ಮಾತು ನೀವೇ ತೆಗೆದ್ರಿ, ಒಳ್ಳೇದಾಯ್ತು. 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಬಂತು. ಮನೆಯ ಹೊರಗೆ, ತಾಯಿ ಅಲ್ಲದವರು, ನೂರು ಮಕ್ಕಳಿಗೆ ಒಟ್ಟಿಗೆ ಬೇಯಿಸಿದ ಊಟ. ಅದು ಕೆಟ್ಟದ್ದು ಅಂತ ನೀವು ಅನ್ನಲ್ಲ, ಮೇಷ್ಟ್ರಾಗಿ ಅದರ ಗುಣ ನೋಡಿದೋರು ನೀವು. ಅದಕ್ಕೂ ಹಿಂದೆ ನಮ್ಮ ಮಠಗಳ ದಾಸೋಹ ಇದೆ. ಸಾಲಾಗಿ ಕೂತು, ಯಾರು ಮಾಡಿದ್ದು ಅಂತ ಕೇಳದೆ ಉಣ್ಣೋದು ಈ ನಾಡಿಗೆ ಹೊಸದೇನಲ್ಲ. ಹೊರಗಿನ ಊಟ ಅಂದ ಕೂಡಲೇ ನೀವು ಪಾಕೀಟು ಅಂತೀರಿ. ದಾವಣಗೆರೆಯ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯೂ ಹೊರಗಿನದೇ, ಅದನ್ನು ಸಂಸ್ಕೃತಿ ಅಂತೀರಿ! ನಾನು ಹೇಳೋದು ಇಷ್ಟು. ಉತ್ತರ ಕರ್ನಾಟಕದಲ್ಲಿ ಹೆಂಗಸರೇ ರೊಟ್ಟಿ ಬಡಿದು ಖಾನಾವಳಿಗೆ, ಮನೆಗಳಿಗೆ ಮಾರ್ತಾರೆ. ಖಡಕ್ ರೊಟ್ಟಿ ವಾರಗಟ್ಟಲೆ ಕೆಡದೆ ಇರುತ್ತೆ. ಹಾಗೆ ಊರಲ್ಲೇ ನಾಲ್ಕು ಜನ ಹೆಂಗಸರು ಸೇರಿ ವಾರಕ್ಕೆ ಎರಡು ರಾತ್ರಿ ಐವತ್ತು ಮನೆಗೆ ರೊಟ್ಟಿ, ಕಾಳು ಪಲ್ಯ ಮಾಡಿ ಕೊಟ್ಟರೆ, ಐವತ್ತು ಒಲೆಯ ಮುಂದೆ ನಿಲ್ಲೋ ಕಾಲು ಉಳೀತು, ನಾಲ್ಕು ಮನೆಗೆ ದುಡ್ಡೂ ಬಂತು. ಅದೇ ಹೆಂಗಸು ಶಾಲೆಯಲ್ಲಿ ಬೇಯಿಸಿದರೆ ಸರ್ಕಾರ ಗೌರವಧನ ಅಂತ ಕೊಡುತ್ತೆ. ಸಂಬಳ ಅನ್ನೋಕೆ ನಾಚಿಕೆ, ಆದರೂ ಏನೋ ಒಂದು ಕೊಡುತ್ತೆ. ಮನೆಗೆ ಬಂದು ಮತ್ತೆ ಬೇಯಿಸಿದರೆ ಅದಕ್ಕೆ ಹೆಸರೇ ಇಲ್ಲ.

ದೊಡ್ಡಪ್ಪ: ಐವತ್ತು ಮನೆಗೆ ಒಂದೇ ಪಲ್ಯ ಅಂದ ಮೇಲೆ ಐವತ್ತು ಕೈಯ ರುಚಿ ಹೋಯ್ತಲ್ಲ. ಒಂದು ಮನೆಯ ಸಾರು ಇನ್ನೊಂದು ಮನೆಯ ಸಾರಿನ ಹಾಗಿರಲ್ಲ. ಯಾರಿಗೆ ಖಾರ ಆಗಲ್ಲ, ಯಾರಿಗೆ ಸಕ್ಕರೆ ಕಾಯಿಲೆ, ಯಾವ ಮಗು ನಿನ್ನೆಯಿಂದ ಸರಿಯಾಗಿ ಉಂಡಿಲ್ಲ ಅಂತ ಗುತ್ತಿಗೆ ಅಡುಗೆಗೆ ಗೊತ್ತಿರಲ್ಲ. ಜೊತೆಗೆ ಇನ್ನೊಂದು ಭಯ. ಎರಡು ರಾತ್ರಿ ಅಂತ ಶುರುವಾದದ್ದು ನಾಲ್ಕಾಗುತ್ತೆ. ಕಲಿತ ಕೈಯನ್ನ ಒಂದು ತಲೆಮಾರು ಬಿಟ್ಟರೆ ಮತ್ತೆ ಕಲಿಸೋರು ಸಿಗಲ್ಲ. ಹುರುಳಿ ಎಷ್ಟು ಬೆಂದರೆ ಕಟ್ಟು ಬಿಡುತ್ತೆ ಅನ್ನೋದನ್ನ ಯೂಟ್ಯೂಬು ತೋರಿಸಬಹುದು, ವಾರ ನಡೆಸೋದನ್ನ ತೋರಿಸಲ್ಲ.

ಮಗಳು: ಖಾರ ಯಾರಿಗೆ ಆಗಲ್ಲ ಅನ್ನೋದನ್ನ ಗೊತ್ತುಮಾಡಿಕೊಂಡು ಇರೋದೇ ಒಂದು ಕೆಲಸ, ಅದು 289 ನಿಮಿಷದಲ್ಲೂ ಸೇರಿಲ್ಲ. ಅಡಿಕೆ ಕೊಯ್ಲಿನ ದಿನ ನೋಡಿ. ಹಗಲು ಸುಲಿಯೋಕೆ ಕೂತು, ಸಂಜೆ ಹಂಡೆಯಲ್ಲಿ ಬೇಯಿಸೋ ಕಡೆ ಓಡಾಡಿ, ಚೊಗರಿನ ಕರೆ ಹತ್ತಿದ ಕೈಯಲ್ಲೇ ರಾತ್ರಿ ಅಡುಗೆಗೆ ನಿಲ್ಲಬೇಕು. ಆ ಕರೆ ಎರಡು ಸಲ ತೊಳೆದರೂ ಹೋಗಲ್ಲ. ಅಂಥ ರಾತ್ರಿ ಬಸ್ಸಾರು ಆಗಲಿಲ್ಲ, ಚಿತ್ರಾನ್ನ ಆಯ್ತು ಅಂದರೆ ಸಂಸ್ಕೃತಿ ಹೋಯ್ತು ಅನ್ನೋರು ಹಂಡೆ ಪಕ್ಕ ಬೀಡಿ ಸೇದ್ತಾ ಇರ್ತಾರೆ. ಕೈ ರುಚಿ ಉಳೀಬೇಕು ಅಂತೀರಲ್ಲ, ರುಚಿ ಕಲಿಯೋಕೆ ಕೈ ಹೆಂಗಸಿನದೇ ಆಗಬೇಕಾ? ನೀವು ಮೂವತ್ತು ವರ್ಷ ಮಕ್ಕಳಿಗೆ ಪಾಠ ಕಲಿಸಿದೋರು.

ವಾದ ಇಲ್ಲಿಗೆ ಬಂದಾಗ ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಾದರು. ಅವರ ಮಾತು ಸೋತಿತು ಎಂದು ನಾನು ಹೇಳಲಾರೆ. ವಾರವೆಂಬುದು ಒಂದೇ ಅಡುಗೆ ಎಂದು ಅವರು ಕಂಡದ್ದು ನಿಜ. ಎರಡು ರಾತ್ರಿ ಹೊರಗಿನಿಂದ ತಂದಾಗ ಕಾಳು ನೆನೆಹಾಕುವ ಲೆಕ್ಕವೇ ಏರುಪೇರಾಗುತ್ತದೆ, ಬೇಕಾದರೆ ಯಾರಾದರೂ ಮಾಡಿ ನೋಡಬಹುದು. ಅವಳು ಕಂಡದ್ದೂ ನಿಜ, ಆ ವಾರದ ಭಾರವೆಲ್ಲ ಒಂದೇ ಹೆಗಲ ಮೇಲಿದೆ. ಐವತ್ತು ಮನೆಯ ರೊಟ್ಟಿ ಬಡಿಯುವುದೂ ಹೆಂಗಸರೇ ತಾನೆ ಎಂದು ಅವರು ಅವಳನ್ನು ಕೇಳಬಹುದಿತ್ತು, ಕೇಳಲಿಲ್ಲ. ಬದಲಿಗೆ ಚೀಟಿಯನ್ನು ಇನ್ನೊಮ್ಮೆ ಇಸಿದುಕೊಂಡು ನೋಡಿದರು.

ದೊಡ್ಡಪ್ಪ: ಹೊರಗಿಂದ ತರೋ ಎರಡು ರಾತ್ರಿ ಬೇಡ. ಆ ಎರಡನ್ನ ಗಂಡಸರಿಗೆ ಬಿಡು. ಭಾನುವಾರ ಹೇಗೂ ಕೋಳಿಸಾರು ಎಷ್ಟೋ ಮನೇಲಿ ಗಂಡಸರೇ ಮಾಡ್ತಾರೆ.

ಮಗಳು: ಭಾನುವಾರ ಲೆಕ್ಕಕ್ಕಿಲ್ಲ. ಹೊಗಳಿಸಿಕೊಳ್ಳೋಕೆ ಮಾಡೋ ಅಡುಗೆ ಅದು, ಪಾತ್ರೆ ತೊಳೆಯೋರು ಬೇರೆ. ಯಾರೂ ಹೊಗಳದ ದಿನ ಹೇಳಿ.

ದೊಡ್ಡಪ್ಪ: ಸರಿ, ಸೋಮವಾರ, ಗುರುವಾರ.

ಮಗಳು: ಸೋಮವಾರ ಹುರುಳಿ. ಭಾನುವಾರ ರಾತ್ರಿಯೇ ಆರಿಸಿ ನೆನೆಹಾಕಬೇಕು. ಮೊರ ಎಲ್ಲಿರುತ್ತೆ ಗೊತ್ತಾ ದೊಡ್ಡಪ್ಪ?

ದೊಡ್ಡಪ್ಪ: ಅಡುಗೆಮನೆ ಬಾಗಿಲ ಹಿಂದೆ ಮೊಳೆಗೆ ನೇತುಹಾಕಿರ್ತಾರೆ.

ಮಗಳು: ಅಲ್ಲಿಂದ ತೆಗೆದು ಅಟ್ಟದ ಮೇಲಿಟ್ಟು ನಾಲ್ಕು ವರ್ಷ ಆಯ್ತು.